ಮಕ್ಕಳಿಗೆ ನ್ಯೂರೋಫೀಡ್‌ಬ್ಯಾಕ್ ಕೊಡಿಸುವ ಮುನ್ನ

ಕೂತಲ್ಲಿ ಕೂರದ, ಪಾಠದಲ್ಲಿ ಮನಸ್ಸು ನಿಲ್ಲದ ಮಗುವನ್ನು, ಮಿದುಳಿನ ಅಲೆಗಳನ್ನು ಅಳೆದು ಪರದೆಯ ಮೂಲಕ ತೋರಿಸುತ್ತ ಗಮನ ಹಿಡಿಯಲು ಕಲಿಸುವ ನ್ಯೂರೋಫೀಡ್‌ಬ್ಯಾಕ್ ಕೇಂದ್ರಕ್ಕೆ ಕರೆದೊಯ್ಯುವ ಮೊದಲು ಮಕ್ಕಳ ಮನೋವೈದ್ಯರಲ್ಲಿ ತಪಾಸಣೆ ಮಾಡಿಸಬೇಕು. ಎಡಿಎಚ್‌ಡಿಯಂತೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ತೋರುವ ಚಂಚಲತೆಯ ಹಿಂದೆ ನಿದ್ರೆಗೇಡು, ಆತಂಕ, ಕಲಿಕೆಯ ತೊಡಕು, ಕೆಲವೊಮ್ಮೆ ಕಿವಿ ಸರಿಯಾಗಿ ಕೇಳದಿರುವುದು ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ಮನೋವೈದ್ಯಕೀಯ ವಿಭಾಗವಿದೆ.

ಈ ಚಿಕಿತ್ಸೆಯಲ್ಲಿ ಮಿದುಳಿಗೆ ವಿದ್ಯುತ್ ಹರಿಸುವುದಿಲ್ಲ. ನೆತ್ತಿಯ ಮೇಲೆ ಮತ್ತು ಕಿವಿಯ ಬಳಿ ಪೇಸ್ಟ್ ಹಚ್ಚಿ ಕೂರಿಸಿದ ಎಲೆಕ್ಟ್ರೋಡ್‌ಗಳು ಇಇಜಿ ಸಂಕೇತವನ್ನು, ಅಂದರೆ ಮಿದುಳಿನದೇ ವಿದ್ಯುತ್ ಅಲೆಗಳನ್ನು, ಹಿಡಿಯುತ್ತವೆ, ಅಷ್ಟೆ. ಬಹುವಾಗಿ ಬಳಕೆಯಲ್ಲಿರುವ ಕ್ರಮದಲ್ಲಿ, ಸೆಕೆಂಡಿಗೆ 4ರಿಂದ 8 ಬಾರಿ ಏರಿಳಿಯುವ ಥೀಟಾ ಅಲೆಗಳು ತಗ್ಗಿ, ಅವಕ್ಕಿಂತ ವೇಗವಾದ ಬೀಟಾ ಅಲೆಗಳು ಹೆಚ್ಚಿದರೆ ಪರದೆಯ ಮೇಲಿನ ಕಾರು ಓಡುತ್ತದೆ, ಇಲ್ಲದಿದ್ದರೆ ನಿಂತುಬಿಡುತ್ತದೆ. ಕಾರು ಓಡಿದ ಗಳಿಗೆಯಲ್ಲಿ ತನ್ನ ಮನಸ್ಸು ಹೇಗಿತ್ತೆಂಬುದನ್ನು ಮಗು ತಾನೇ ಕಂಡುಕೊಳ್ಳಬೇಕು. ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ, ಮತ್ತೆ ಎಣ್ಣೆ ಹಚ್ಚದೆ ಕಳಿಸಬೇಕು. ಜಿಡ್ಡಿದ್ದರೆ ಸಂಕೇತ ಕೆಡುತ್ತದೆ. ಮಗು ಹಲ್ಲು ಕಚ್ಚಿ ಹಿಡಿದರೆ ದವಡೆಯ ಸ್ನಾಯುವಿನ ಸಂಕೇತವೂ ಸೇರಿಕೊಂಡು ಬೀಟಾ ಏರಿದಂತೆ ಕಾಣುವುದರಿಂದ, ತರಬೇತಿ ನೀಡುವವರು ಪರದೆಗಿಂತ ಮಗುವಿನ ಮುಖವನ್ನೇ ಹೆಚ್ಚು ಗಮನಿಸುತ್ತಾರೆಯೇ ಎಂದು ನೋಡಿ.

ಫಲದ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದಲ್ಲಿ 7ರಿಂದ 10 ವರ್ಷದ ಮಕ್ಕಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಕೆಲವರಿಗೆ ನಿಜವಾದ ತರಬೇತಿಯನ್ನೂ ಉಳಿದವರಿಗೆ ಅದರಂತೆಯೇ ಕಾಣುವ ತೋರಿಕೆಯ ತರಬೇತಿಯನ್ನೂ ಕೊಟ್ಟಾಗ, ಎರಡೂ ಗುಂಪುಗಳು ಸುಧಾರಿಸಿದವು; ಗಮನಹೀನತೆಯ ಅಂಕಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 38 ಪ್ರಯೋಗಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲೂ, ಯಾವ ಮಗುವಿಗೆ ಏನು ಸಿಕ್ಕಿದೆಯೆಂದು ಬಹುಶಃ ತಿಳಿಯದವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ವಾರಕ್ಕೆರಡು ಬಾರಿ ಮಗುವಿನ ಪಕ್ಕದಲ್ಲೇ ಕೂರುವ ಹೆತ್ತವರ ಕಣ್ಣಿಗೆ ಸುಧಾರಣೆ ಬೇಗ ಬೀಳುವುದು ಸಹಜವೇ.

ಆದ್ದರಿಂದ ಅಳತೆಯನ್ನು ತರಗತಿಯಿಂದ ತರಿಸುವುದು ಲೇಸು. ವೈದ್ಯರು ಕೊಡುವ ಪ್ರಶ್ನಾವಳಿಯನ್ನು ತರಬೇತಿ ಆರಂಭಕ್ಕೆ ಮುನ್ನ ಮತ್ತು ಹತ್ತು ಹತ್ತು ಅವಧಿಗಳ ಬಳಿಕ, ಚಿಕಿತ್ಸೆಯ ಸುದ್ದಿ ತಿಳಿಯದ ಶಿಕ್ಷಕರೊಬ್ಬರಿಂದಲೇ ತುಂಬಿಸಿ. ಸಾಮಾನ್ಯವಾಗಿ 30ರಿಂದ 40 ಅವಧಿಗಳನ್ನು ಸೂಚಿಸುವುದುಂಟು. ಅಷ್ಟಕ್ಕೂ ಮುಂಗಡ ಹಣ ಕಟ್ಟದೆ, ಒಮ್ಮೆಗೆ ಹತ್ತು ಅವಧಿಗಳಿಗಷ್ಟೇ ಒಪ್ಪಿಕೊಳ್ಳುವುದು ಜಾಣತನ. ನಡೆಯುತ್ತಿರುವ ಮಾತ್ರೆಯನ್ನು ಕೇಂದ್ರದವರ ಮಾತಿಗೆ ನಿಲ್ಲಿಸಬೇಡಿ, ಮತ್ತು ಮಗುವಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಅದನ್ನು ಮೊದಲ ಭೇಟಿಯಲ್ಲೇ ತಿಳಿಸಿ. ಇಪ್ಪತ್ತು ಅವಧಿಗಳಾದರೂ ಶಿಕ್ಷಕರ ಪ್ರಶ್ನಾವಳಿಯ ಅಂಕ ಅಲುಗದಿದ್ದರೆ, ಪರದೆಯ ಮೇಲೆ ಕಾರು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಅಲ್ಲಿಗೇ ನಿಲ್ಲಿಸಿ, ವೈದ್ಯರೊಡನೆ ಬೇರೆ ದಾರಿಯ ಮಾತಾಡಿ.