ಹಳೇ ಕಂಪ್ಯೂಟರ್ ಕೂಲರಲ್ಲಿ ಪವರ್ ಟ್ರಾನ್ಸಿಸ್ಟರ್ ತಣ್ಣಗಿಟ್ಟಿದ್ದು: ನನ್ನ ಅನುಭವ

ಬೆಂಚ್ ಪವರ್ ಸಪ್ಲೈ (ಸರ್ಕ್ಯೂಟ್ ಟೆಸ್ಟ್ ಮಾಡಕ್ಕೆ ಬೇಕಾದ ವೋಲ್ಟೇಜ್ ಕೊಡೋ ಡಬ್ಬಿ) ಕಟ್ಟೋರು ಮೊದಲು ಕೇಳೋದೇ ಎಷ್ಟು ದೊಡ್ಡ ಹೀಟ್‌ಸಿಂಕ್ (ಶಾಖ ಹೀರಿ ಗಾಳಿಗೆ ಬಿಡೋ ಲೋಹದ ತುಂಡು) ಬೇಕು ಅಂತ. ದೊಡ್ಡ ಹೀಟ್‌ಸಿಂಕ್‌ಗೆ ಟ್ರಾನ್ಸಿಸ್ಟರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ದುಡ್ಡು ಬೀಳತ್ತೆ, ಅದಕ್ಕೇ ನಾನು ಮೊದಲು ಪೇಪರ್ ಮೇಲೆ ಲೆಕ್ಕ ಹಾಕ್ದೆ.

ನಂದು ಲೀನಿಯರ್ ಸಪ್ಲೈ (ಹೆಚ್ಚಿನ ವೋಲ್ಟೇಜನ್ನ ಟ್ರಾನ್ಸಿಸ್ಟರೇ ಶಾಖ ಮಾಡಿ ಕಳೆಯತ್ತೆ), 9-0-9 ಟ್ರಾನ್ಸ್‌ಫಾರ್ಮರ್ (ನಡುವಿನ ತಂತಿಯಿಂದ ಎರಡೂ ಕಡೆ 9 ವೋಲ್ಟ್), ಎರಡು ತುದಿ ತಗೊಂಡ್ರೆ 18 ವೋಲ್ಟ್ ಎಸಿ, ಬ್ರಿಡ್ಜು (ಎಸಿನ ಡಿಸಿ ಮಾಡೋ ಡಯೋಡ್‌ಗಳು) ಕೆಪಾಸಿಟರು ಎಲ್ಲಾ ದಾಟಿ ಲೋಡ್ ಮೇಲೆ ಸುಮಾರು 22 ವೋಲ್ಟ್ ಡಿಸಿ. ಔಟ್‌ಪುಟ್ 5 ವೋಲ್ಟ್ 3 ಆಂಪ್ ಇಟ್ರೆ ಮಿಕ್ಕ 17 ವೋಲ್ಟ್ ಟ್ರಾನ್ಸಿಸ್ಟರ್ ತಲೆ ಮೇಲೆ, ಅಂದ್ರೆ 51 ವಾಟ್ ಶಾಖ. ನಾನು ಹಾಕಿದ ಟ್ರಾನ್ಸಿಸ್ಟರ್ ಟಿಐಪಿ3055, ಅದರ ಡೇಟಾಶೀಟಲ್ಲಿ 90 ವಾಟ್ ತಡೆಯತ್ತೆ ಅಂತಿದೆ, ಆದ್ರೆ ಅದು ಕೇಸ್ (ಹೊರಮೈ) 25 ಡಿಗ್ರಿಯಲ್ಲೇ ಇದ್ರೆ ಮಾತ್ರ, ಅದ್ಯಾವತ್ತೂ ಇರಲ್ಲ ಬಿಡಿ.

ಜಂಕ್ಷನ್‌ನಿಂದ (ಒಳಗೆ ಶಾಖ ಹುಟ್ಟೋ ಸಿಲಿಕಾನ್) ಕೇಸ್‌ಗೆ ಒಂದು ವಾಟಿಗೆ ಸುಮಾರು 1.4 ಡಿಗ್ರಿ ವ್ಯತ್ಯಾಸ, 51 ವಾಟಿಗೆ 71. ಪೇಸ್ಟ್ ಹಚ್ಚಿದ ಮೈಕಾಗೆ (ಟ್ರಾನ್ಸಿಸ್ಟರ್-ಹೀಟ್‌ಸಿಂಕ್ ನಡುವೆ ಕರೆಂಟ್ ತಡೆಯೋ ತೆಳು ಹಾಳೆ) ಅಂದಾಜು 0.5 ಹಿಡಿದ್ರೆ 25, ಫ್ಯಾನ್ ಇರೋ ಹಳೇ ಸಿಪಿಯು ಕೂಲರ್‌ಗೂ (ಇದೇ ನನ್ನ ಹೀಟ್‌ಸಿಂಕ್) 0.5 ಹಿಡಿದ್ರೆ ಇನ್ನೊಂದು 25. ಸುತ್ತಲಿನ ಗಾಳಿ 35. ಒಟ್ಟು 156 ಡಿಗ್ರಿ, ಲಿಮಿಟ್ಟೇ 150! ಇದರಲ್ಲಿ ಹೀಟ್‌ಸಿಂಕ್ ಪಾಲು ಬರೀ 25, ಎಷ್ಟೇ ದುಡ್ಡು ಸುರಿದ್ರೂ ಆ 71 ಅಲ್ಲಾಡಲ್ಲ.

ಸೋ ಎರಡು ಟ್ರಾನ್ಸಿಸ್ಟರ್ ಪ್ಯಾರಲಲ್ ಹಾಕ್ದೆ. ಒಂದೊಂದಕ್ಕೆ 25.5 ವಾಟ್, ಹೀಟ್‌ಸಿಂಕ್ ಅದೇ ಇದ್ರೂ ಜಂಕ್ಷನ್ 109ರ ಹತ್ರ ಇಳೀತು. ಕರೆಂಟ್ ಸಮವಾಗಿ ಹಂಚಕ್ಕೆ ಎಮಿಟರಲ್ಲಿ (ಕರೆಂಟ್ ಹೊರಬರೋ ಕಾಲು) ತಲಾ 0.22 ಓಮ್ ರೆಸಿಸ್ಟರ್ ಕಡ್ಡಾಯ, ಯಾಕಂದ್ರೆ ಬಿಸಿಯಾದ ಹಾಗೆ ಟ್ರಾನ್ಸಿಸ್ಟರ್ ಆನ್ ಆಗಕ್ಕೆ ಬೇಕಾದ ಬೇಸ್-ಎಮಿಟರ್ ವೋಲ್ಟೇಜ್ ಡಿಗ್ರಿಗೆ ಹತ್ರ ಹತ್ರ 2 ಮಿಲಿವೋಲ್ಟ್ ಇಳಿಯತ್ತೆ, ಬಿಸಿಯಾದೋನೇ ಇನ್ನೂ ಕರೆಂಟ್ ಎಳ್ಕೊಂಡು ಇನ್ನೂ ಬಿಸಿಯಾಗ್ತಾನೆ, ಇನ್ನೊಬ್ಬ ಆರಾಮಾಗಿ ಕೂತಿರ್ತಾನೆ.

ಆಮೇಲೆ ಮೈಕಾನೇ ತೆಗೆದುಬಿಟ್ಟೆ. ಈ ಟ್ರಾನ್ಸಿಸ್ಟರ್ ಬೆನ್ನಿನ ಲೋಹ ಕಲೆಕ್ಟರ್ ಕಾಲಿಗೇ ಸೇರಿರತ್ತೆ, ಎರಡರ ಕಲೆಕ್ಟರೂ ಹೇಗಿದ್ರೂ ಒಂದೇ ಪಾಯಿಂಟ್‌ಗೆ ಹೋಗೋದು, ಹಾಗಾಗಿ ಟ್ರಾನ್ಸಿಸ್ಟರನ್ನ ನೇರ ಲೋಹಕ್ಕೆ ಬಿಗಿದು, ಇಡೀ ಕೂಲರನ್ನ ಪ್ಲಾಸ್ಟಿಕ್ ಸ್ಪೇಸರ್ ಮೇಲೆ ಕೂರಿಸಿದೆ. ಎಚ್ಚರ, ಆಗ ಹೀಟ್‌ಸಿಂಕ್‌ಗೇ ಪಾಸಿಟಿವ್ ಬಂದಿರತ್ತೆ, ಮೆಟಲ್ ಡಬ್ಬಿಗೆ ತಾಗಿದ್ರೆ ಶಾರ್ಟ್. ಪವರ್ ಕೊಡೋ ಮುಂಚೆ ಹೀಟ್‌ಸಿಂಕಿಗೂ ಡಬ್ಬಿಗೂ ಕಂಟಿನ್ಯೂಟಿ (ಕರೆಂಟ್ ದಾರಿ) ಇಲ್ಲ ಅಂತ ಮಲ್ಟಿಮೀಟರಲ್ಲಿ ನೋಡ್ಲೇಬೇಕು.

ಇಷ್ಟೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಒಂದು ರಿಲೇ (ಕರೆಂಟಲ್ಲಿ ತಾನೇ ಬದಲಾಗೋ ಸ್ವಿಚ್). ಔಟ್‌ಪುಟ್ ಕಡಿಮೆ ಇದ್ದಾಗ ಟ್ರಾನ್ಸ್‌ಫಾರ್ಮರಿನ ಅರ್ಧ ವೈಂಡಿಂಗ್, ಅಂದ್ರೆ 9 ವೋಲ್ಟ್ ಮಾತ್ರ ಬ್ರಿಡ್ಜ್‌ಗೆ ಹೋಗತ್ತೆ. ಡಿಸಿ 11ರ ಆಸುಪಾಸು, 5 ವೋಲ್ಟ್ 3 ಆಂಪ್‌ಗೆ 51 ವಾಟ್ ಬದಲು 18 ವಾಟ್! ಹುಟ್ಟದೇ ಇರೋ ಶಾಖನ ತಣ್ಣಗೆ ಮಾಡೋ ಖರ್ಚೇ ಇಲ್ಲ ನೋಡಿ.

ಕೂಲರ್ ತಳ ಗೀರಾಗಿತ್ತು, ಗಾಜಿನ ಮೇಲೆ ಸಣ್ಣ ಎಮೆರಿ ಪೇಪರ್ ಇಟ್ಟು ಉಜ್ಜಿ ಸಪಾಟ ಮಾಡ್ದೆ, ತೂತು ಕೊರೆದ ಮೇಲೆ ಅಂಚಿನ ಮುಳ್ಳೂ ತೆಗೀಬೇಕು ಇಲ್ಲಾಂದ್ರೆ ಟ್ರಾನ್ಸಿಸ್ಟರ್ ಎದ್ದು ಕೂರತ್ತೆ. ಪೇಸ್ಟ್ ತೆಳ್ಳಗೆ ಸಾಕು, ಅದು ಸಂದು ತುಂಬಕ್ಕೆ ಅಷ್ಟೇ. ಫ್ಯಾನ್‌ಗೆ 12ರ ಬದಲು 7 ವೋಲ್ಟ್ ಕೊಟ್ಟಿದೀನಿ, ಸದ್ದು ಕಡಿಮೆ, 18 ವಾಟ್‌ಗೆ ಧಾರಾಳ. ದೊಡ್ಡ ಲೋಡ್ ಹಾಕಿದಾಗ ಮಾತ್ರ ಫುಲ್ ಸ್ಪೀಡ್.