ಐಸ್ ಟ್ರೇಲ್‌ನಲ್ಲಿ ಮೌಂಟನ್ ಬೈಕ್: ನನ್ನ ಅನುಭವ

‘ಐಸ್ ಮೇಲೆ ಓಡಿಸ್ತೀಯಾ? ಸೊಂಟ ಮುರ್ಕೋತೀಯ’ ಅಂದಿದ್ದವರೇ ಈಗ ಟೈರ್ ಯಾವುದು ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಟ್ರೇಲ್‌ನಲ್ಲಿ, ಅಂದರೆ ಕಚ್ಚಾ ಕಾಲುದಾರಿಯಲ್ಲಿ, ಹೊಸ ಹಿಮವಿದ್ದರೆ ಅಂಥ ಕಷ್ಟವೇನಿಲ್ಲ. ಜನ ತುಳಿದು ಗಟ್ಟಿಯಾದ ಹಿಮ ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದಲ್ವಾ, ಅಲ್ಲಿಂದ ತೊಂದರೆ ಶುರು.

ಮೊದಲು ದುಡ್ಡು ಉಳಿಸೋಣ ಅಂತ ಹಳೆ ಟೈರ್‌ಗೆ ಒಳಗಿನಿಂದ ಸ್ಕ್ರೂ ಹಾಕಿದೆ. ಒಂದೊಂದಕ್ಕೆ ಇನ್ನೂರರ ಮೇಲೇ ಹಿಡಿದಿರಬೇಕು, ಅಂಗೈಯಲ್ಲಿ ಬೊಕ್ಕೆ. ಸ್ಕ್ರೂ ತಲೆ ಚುಚ್ಚದಿರಲಿ ಅಂತ ಹಳೆ ಟ್ಯೂಬ್ ಸೀಳಿ ಒಳಗೆ ಹಾಸಿದೆ. ಬರೀ ಐಸ್ ಮೇಲೆ ಹಿಡಿತ ಭರ್ಜರಿ, ಸುಳ್ಳು ಹೇಳಲ್ಲ. ಆದರೆ ಟ್ರೇಲ್‌ನಲ್ಲಿ ನಡುನಡುವೆ ಬಂಡೆ. ಸಾದಾ ಉಕ್ಕಿನ ಮೊನೆ ಕೆಲವೇ ವಾರದಲ್ಲಿ ಸವೆದು ಮೊಂಡಾಯಿತು. ಪಂಕ್ಚರ್ ಬೇರೆ. ಟೈರ್‌ಗೆ ಜಿಪ್ ಟೈ (ಪ್ಲಾಸ್ಟಿಕ್ ಕಟ್ಟುಪಟ್ಟಿ) ಸುತ್ತಿದ ಕಥೆ ಕೇಳಬೇಡಿ, ಮೊದಲ ಇಳಿಜಾರಿನಲ್ಲೇ ಅರ್ಧ ಕಿತ್ತುಹೋದವು.

ಕೊನೆಗೆ ಕಾರ್ಬೈಡ್ ಸ್ಟಡ್ ಟೈರ್, ಅಂದರೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್‌ನ ಪುಟ್ಟ ಮುಳ್ಳುಗಳಿರುವ ಟೈರ್. ಮಾಮೂಲಿ ಟೈರ್‌ನ ಹೆಚ್ಚುಕಡಿಮೆ ಎರಡರಷ್ಟು ದುಡ್ಡು. ಹಾಗಾಗಿ ಮೊದಲು ಮುಂದಿನ ಚಕ್ರಕ್ಕೆ ಮಾತ್ರ ತಗೊಂಡೆ. ಹಿಂದಿನದು ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ಏರಿನಲ್ಲಿ ಹಿಂಚಕ್ರ ಸುಮ್ನೆ ಗಿರಗಿರ ತಿರುಗತೊಡಗಿದ ಮೇಲೆ ಇನ್ನೊಂದು ತಂದೆ. ಹೊಸದನ್ನು ಸೀದಾ ಟ್ರೇಲ್‌ಗೆ ಇಳಿಸಬೇಡಿ. 50 ಕಿ.ಮೀ. ಆಸುಪಾಸು ಟಾರ್ ರಸ್ತೆಯಲ್ಲಿ, ಜೋರು ಬ್ರೇಕ್ ಹಿಡಿಯದೆ ಓಡಿಸಿ. ಸ್ಟಡ್ ಭದ್ರವಾಗಿ ಕೂರುತ್ತದೆ.

ಗಾಳಿಯ ಒತ್ತಡ: 29 ಇಂಚಿನ ಚಕ್ರ, ಟ್ಯೂಬ್‌ಲೆಸ್ ಟೈರ್, ಮುಂದೆ 16, ಹಿಂದೆ 18 ಪಿಎಸ್‌ಐ ಸುಮಾರು. ಬೆಚ್ಚಗಿನ ಕೋಣೆಯಲ್ಲಿ ತುಂಬಿಸಿದರೆ ಹೊರಗಿನ ಚಳಿಗೆ ಎರಡು ಮೂರು ಇಳಿಯುತ್ತದೆ, ಲೆಕ್ಕದಲ್ಲಿಡಿ. ಅಂಚಿನ ಸಾಲಿನ ಸ್ಟಡ್‌ಗಳನ್ನು ನಾನು ಬೇರೆ ಥರ ಜೋಡಿಸಿದ್ದೇನೆ. ಹೇಗೆ ಅಂತ ಮಾತ್ರ ಹೇಳಲ್ಲ!

ತಿರುವಿನಲ್ಲಿ ಸೈಕಲ್ ವಾಲಿಸಬೇಡಿ, ಹ್ಯಾಂಡಲ್‌ನಲ್ಲೇ ತಿರುಗಿಸಿ. ಮುಂದಿನ ಬ್ರೇಕ್ ಇದೆ ಅನ್ನೋದನ್ನೇ ಮರೆತುಬಿಡಿ. ತಮಾಷೆ ಅಂದರೆ, ಓಡಿಸುವಾಗ ಬಿದ್ದಿದ್ದಕ್ಕಿಂತ ನಿಲ್ಲಿಸುವಾಗ ಬಿದ್ದಿದ್ದೇ ಜಾಸ್ತಿ. ಟೈರ್ ಕಚ್ಚಿ ನಿಲ್ಲುತ್ತದೆ, ಠೀವಿಯಿಂದ ಕಾಲು ಊರುತ್ತೀರಿ, ಬೂಟು ಜಾರುತ್ತದೆ. ಬೂಟಿಗೂ ಮುಳ್ಳು ಬೇಕು.

ಕಡು ಚಳಿಯಲ್ಲಿ ಒಮ್ಮೆ ಪೆಡಲ್ ತುಳಿದರೂ ಚಕ್ರ ತಿರುಗಲಿಲ್ಲ. ಹಿಂಚಕ್ರದ ನಡುವೆ ಪೆಡಲ್ ತುಳಿತವನ್ನು ಚಕ್ರಕ್ಕೆ ದಾಟಿಸುವ ಫ್ರೀಹಬ್‌ನ ಗ್ರೀಸ್ ಗಟ್ಟಿಯಾಗಿ, ಒಳಗಿನ ಪುಟ್ಟ ಕೊಕ್ಕೆ (ಪಾಲ್) ಕಚ್ಚುತ್ತಿರಲಿಲ್ಲ. ಗ್ರೀಸ್ ಒರೆಸಿ ತೆಳು ಎಣ್ಣೆ ಬಿಟ್ಟೆ, ಸರಿಹೋಯಿತು. ನೀರಿನ ಬಾಟಲಿಯನ್ನು ಬ್ಯಾಗಿನಲ್ಲಿ ತಲೆಕೆಳಗಾಗಿ ಇಡುತ್ತೇನೆ. ಐಸ್ ಮೊದಲು ಮೇಲೆ, ಅಂದರೆ ಬಾಟಲಿಯ ತಳದ ಕಡೆ ಕಟ್ಟುತ್ತದೆ, ಮೂತಿ ತೆರೆದಿರುತ್ತದೆ.

ಮೈನಸ್ 10ಕ್ಕೆ ಹೆದರಬೇಡಿ, ಆಗ ಐಸ್ ಒಣಗಿರುತ್ತದೆ. ಸೊನ್ನೆಯ ಹತ್ತಿರ ಮೇಲೆ ನೀರು ಪಸೆಯಾಡುವ ದಿನ ಮಾತ್ರ ನಾನೂ ಟ್ರೇಲ್ ಕಡೆ ಹೋಗಲ್ಲ.