ಧೀಂಗಿಣ ನೋಡಿ ಬಂದವರಿಗೆ ತಾಳ ಕಲಿಸುವುದು

ಈಗ ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ನಾಟ್ಯ ತರಗತಿಗೆ ಸೇರುವ ಮಕ್ಕಳಲ್ಲಿ ಹೆಚ್ಚಿನವರು ಆಟ (ಯಕ್ಷಗಾನ ಪ್ರದರ್ಶನ) ನೋಡಿ ಬಂದವರಲ್ಲ, ಮೊಬೈಲು ನೋಡಿ ಬಂದವರು. ಅವರ ಪಾಲಿಗೆ ಯಕ್ಷಗಾನವೆಂದರೆ ಎಳೆಯ ವೀರರ ಪುಂಡುವೇಷದ 30 ಸೆಕೆಂಡಿನ ಧೀಂಗಿಣ (ಸುತ್ತುತ್ತ ಹಾರುವ ಕುಣಿತ), ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿಂದ ನುಗ್ಗುವ ಮಹಿಷಾಸುರ, ಹಾಸ್ಯಗಾರರ ನಾಲ್ಕು ಮಾತು. ರೀಲ್ಸ್‌ನಿಂದ ಕಲೆ ಹಾಳಾಯಿತು ಎಂದು ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ಹೇಳುವುದು ಸುಲಭ. ತರಗತಿಯ ಬಾಗಿಲ ತನಕ ಮಗುವನ್ನು ತಂದು ಬಿಟ್ಟದ್ದೂ ಅದೇ ರೀಲ್ಸ್ ಅಲ್ಲವೇ? ಅಲ್ಲಿಂದ ಒಳಗೆ ಕರೆದುಕೊಳ್ಳಲು ನಾವು ಬಳಸುವ ಕ್ರಮ ಹೀಗಿದೆ.

ಮೊದಲ ವಾರ ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಂದು ತುಣುಕು ತರಬೇಕು. ಅಂದು ಹೆಜ್ಜೆ ಇಲ್ಲ. ಕೂತು ಕೈಯಲ್ಲಿ ತಾಳ ಹಾಕುವುದಷ್ಟೇ. ರೂಪಕ ತಾಳಕ್ಕೆ ಆರು ಅಕ್ಷರ (ಎಣಿಕೆ), ತ್ರಿವುಡೆಗೆ ಏಳು, ಝಂಪೆಗೆ ಹತ್ತು. ತುಣುಕು ಕತ್ತರಿಸುವವನ ಲೆಕ್ಕ ಸೆಕೆಂಡಿನದು, ಅಕ್ಷರದ್ದಲ್ಲ. ಹಾಗಾಗಿ ಏಳಕ್ಕೆ ಬೀಳಬೇಕಾದ ಆವರ್ತ (ತಾಳದ ಒಂದು ಸುತ್ತು) ಎಲ್ಲೋ ಒಂದು ಕಡೆ ಐದಕ್ಕೇ ತುಂಡಾಗಿರುತ್ತದೆ, ಮಗುವಿನ ಕೈ ಗಾಳಿಯಲ್ಲಿ ನಿಲ್ಲುತ್ತದೆ. ‘ಇಲ್ಲಿ ಏನೋ ತಪ್ಪಿತು’ ಎಂದು ಅದೇ ಹೇಳುವ ತನಕ ನಾವು ಬಾಯಿ ಬಿಡುವುದಿಲ್ಲ. ಹೆಚ್ಚಾಗಿ ಕತ್ತರಿಗೆ ಸಿಕ್ಕಿರುವುದು ಬಿಡ್ತಿಗೆ, ಮುಕ್ತಾಯ. ಕುಣಿತವನ್ನು ಪದ್ಯಕ್ಕೆ ಕಟ್ಟಿ ನಿಲ್ಲಿಸುವ ಭಾಗವೇ ಹೋದ ಮೇಲೆ ಉಳಿದದ್ದು ಬರೀ ಹಾರಾಟ.

ಎರಡನೇ ವಾರ ಆಟದ ಕಥೆ ಪದ್ಯಗಳಲ್ಲಿರುವ ಪ್ರಸಂಗ ಪುಸ್ತಕ ತೆರೆಯುತ್ತೇವೆ. ತುಣುಕಿನಲ್ಲಿ ಅಭಿಮನ್ಯು ಇದ್ದರೆ ಆ ಪದ್ಯ ಯಾವುದೆಂದು ಹುಡುಕಿ, ಅದರ ಹಿಂದಿನ ಐದು ಪದ್ಯಗಳನ್ನು ಮಕ್ಕಳೇ ಗಟ್ಟಿಯಾಗಿ ಓದಬೇಕು. ಚಕ್ರವ್ಯೂಹದ ಮುಂದೆ ಧರ್ಮರಾಯ ಕೈಚೆಲ್ಲಿ ಕೂತದ್ದು, ಸುಭದ್ರೆ ಮಗನನ್ನು ತಡೆದದ್ದು ಗೊತ್ತಾದ ಮೇಲೆ ಅದೇ ಧೀಂಗಿಣ ಬೇರೆಯಾಗಿ ಕಾಣುತ್ತದೆ. ಅರ್ಥ (ಪದ್ಯದ ಮೇಲೆ ವೇಷ ಆಡುವ ಮಾತು) ಹೇಳಿಸುವುದೂ ಇಲ್ಲಿಂದಲೇ ಶುರು: ಒಂದು ಪದ್ಯಕ್ಕೆ ಮೂರು ವಾಕ್ಯ, ಅದರಲ್ಲಿ ಇಂಗ್ಲಿಷ್ ಪದ ಬರಬಾರದು. ಮೊದಮೊದಲು ಎಲ್ಲರೂ ನಗುತ್ತಾರೆ, ನಗಲಿ.

ಮನೆಯಲ್ಲಿ ವಿಡಿಯೋ ನೋಡಿ ಹೆಜ್ಜೆ ಕಲಿತವರದ್ದು ಇನ್ನೊಂದು ತೊಂದರೆ: ಎಡ ಬಲ ಅದಲು ಬದಲು. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ ವಿಡಿಯೋ ಕೆಲವು ಫೋನುಗಳಲ್ಲಿ ಕನ್ನಡಿಯ ಹಾಗೆ ತಿರುಗಿಯೇ ಸೇವ್ ಆಗುತ್ತದೆ. ಪರೀಕ್ಷೆ ಸುಲಭ; ಹಿಂದೆ ಕಾಣುವ ಬ್ಯಾನರಿನ ಅಕ್ಷರ ಓದಿ ನೋಡಿ. ಅಕ್ಷರ ಉಲ್ಟಾ ಇದ್ದರೆ ಹೆಜ್ಜೆಯೂ ಉಲ್ಟಾ. ಬ್ಯಾನರ್ ಇಲ್ಲದಿದ್ದರೆ ವೇಷ ಬಿಲ್ಲನ್ನು ಯಾವ ಕೈಯಲ್ಲಿ ಹಿಡಿದಿದೆ ಎಂದು ನೋಡಬಹುದು. ಆದ್ದರಿಂದ ಅಭ್ಯಾಸದ ವಿಡಿಯೋವನ್ನು ನಾವು ಗುರುಗಳ ಬೆನ್ನ ಹಿಂದಿನಿಂದ, ಹಿಂಬದಿ ಕ್ಯಾಮೆರಾದಲ್ಲೇ ತೆಗೆಯುವುದು. ಕಾಲಿನ ಗೆಜ್ಜೆಯಿಂದ ತಲೆಯವರೆಗೆ ಪೂರ್ತಿ ಕಾಣಬೇಕು, ಝೂಮ್ ಬೇಡ.

ನಾವೇ ಆಟ ಚಿತ್ರೀಕರಿಸುವಾಗ ಹೆಚ್ಚು ತಲೆನೋವು ಕೊಡುವುದು ಧ್ವನಿ. ಚೆಂಡೆಯ ಪೆಟ್ಟು ಬಿದ್ದಾಗಲೆಲ್ಲ ಫೋನು ತಾನಾಗಿ ಮೈಕ್ ತಗ್ಗಿಸುತ್ತದೆ, ಮರುಕ್ಷಣ ಏರಿಸುತ್ತದೆ. ಏರುಪದ್ಯದಲ್ಲಿ ಹಾಡುವ ಭಾಗವತರ ದನಿ ಮುಳುಗಿ ಏಳುವ ಹಾಗೆ ಕೇಳುವುದು ಇದರಿಂದ. ಧ್ವನಿವರ್ಧಕದವರ ಮಿಕ್ಸರಿನಿಂದ ನೇರ ಒಂದು ವಯರು ಎಳೆದು ಚಿಕ್ಕ ರೆಕಾರ್ಡರಿಗೆ ಕೊಡಿ. ಚೆಂಡೆ ಜೋರಾಗಿ ಬಡಿಯುವಾಗಲೂ ಮಟ್ಟ ಮೈನಸ್ 6 ಡೆಸಿಬಲ್ ದಾಟದ ಹಾಗೆ ಇಡಿ. ವೇಷಗಳು ಮೊದಲು ರಂಗಕ್ಕೆ ಬರುವ ಒಡ್ಡೋಲಗದ ಸಮಯದಲ್ಲೇ ಪರೀಕ್ಷಿಸಬೇಕು, ಆಟಕ್ಕೆ ಮೊದಲು ಮೈಕ್ ‘ಹಲೋ ಹಲೋ’ ಎಂದಾಗ ಅಲ್ಲ. ಆಮೇಲೆ ವಿಡಿಯೋಕ್ಕೆ ಹೊಂದಿಸುವಾಗ ಭಾಗವತರು ಜಾಗಟೆಗೆ ಹೊಡೆಯುವುದು ಸ್ಪಷ್ಟವಾಗಿ ಕಾಣುವ ಒಂದು ಚೌಕಟ್ಟು ಹಿಡಿದುಕೊಂಡರೆ ಸಾಕು. ಎಡಿಟ್ ಮಾಡುವಾಗ ಬ್ಲೂಟೂತ್ ಇಯರ್‌ಫೋನ್ ಹಾಕಬೇಡಿ. ಅದರಲ್ಲಿ ಧ್ವನಿ ಸೆಕೆಂಡಿನ ಹತ್ತರಲ್ಲಿ ಒಂದೆರಡು ಭಾಗದಷ್ಟು ತಡವಾಗಿ ಬರಬಹುದು. ನಿಮಗೆ ಸರಿ ಕಂಡದ್ದು ನೋಡುವವರಿಗೆ ತಾಳ ತಪ್ಪಿದಂತೆ ಇರುತ್ತದೆ.

ನಾವು ಹಾಕುವ ತುಣುಕಿಗೆ ಒಂದೇ ನಿಯಮ: ಪದ್ಯದ ಮೊದಲ ಅಕ್ಷರದಿಂದ ಶುರುವಾಗಬೇಕು, ಕನಿಷ್ಠ ಒಂದು ವಾಕ್ಯ ಅರ್ಥ ಇರಬೇಕು. 2024ರ ಅಕ್ಟೋಬರಿನಿಂದ ಯೂಟ್ಯೂಬ್ ಶಾರ್ಟ್ಸ್ 3 ನಿಮಿಷದವರೆಗೆ ಇರಬಹುದು. ಒಂದು ಪದ್ಯ, ಅದರ ಕುಣಿತ, ಚುಟುಕು ಅರ್ಥ ಇಷ್ಟಕ್ಕೂ ಜಾಗವಿದೆ. ಕುಣಿತದಿಂದಲೇ ಶುರುವಾದ ತುಣುಕಿಗಿಂತ ಇದಕ್ಕೆ ನೋಟ ಕಡಿಮೆಯೇ ಬೀಳುತ್ತದೆ, ಬೀಳಲಿ. ಕೆಳಗೆ ಪ್ರಸಂಗ, ಪದ್ಯದ ಮೊದಲ ಸಾಲು, ರಾಗ, ತಾಳ, ಭಾಗವತರು, ಮದ್ದಳೆ, ಚೆಂಡೆ, ವೇಷಧಾರಿ, ಊರು ಎಲ್ಲವನ್ನೂ ಬರೆಯುತ್ತೇವೆ. ಹಾಡುವ, ಬಾರಿಸುವ ಹಿಮ್ಮೇಳದವರ ಹೆಸರು ಬಿಡುವುದು ಕೆಟ್ಟ ಅಭ್ಯಾಸ; ಅದು ಎಲ್ಲಿಂದ ಬಂತೋ, ಹೋಗಬೇಕು. ಶಾರ್ಟ್ಸ್‌ನ ಕಮೆಂಟಿನಲ್ಲಿ ಹಾಕಿದ ಲಿಂಕು ಒತ್ತಿದರೆ ತೆರೆಯುವುದಿಲ್ಲ, ಆದ್ದರಿಂದ ಪೂರ್ತಿ ಆಟದ ವಿಡಿಯೋವನ್ನು ‘ಸಂಬಂಧಿತ ವಿಡಿಯೋ’ ಎಂದು ಜೋಡಿಸಬೇಕು. ಪೂರ್ತಿ ವಿಡಿಯೋದ ವಿವರಣೆಯಲ್ಲಿ ಸಮಯ ಹಾಕಿ ಅಧ್ಯಾಯ ಮಾಡಿ: ಮೊದಲನೆಯದು 0:00 ಆಗಿರಬೇಕು, ಕಡಿಮೆಯೆಂದರೆ ಮೂರು ಇರಬೇಕು, ಒಂದೊಂದೂ 10 ಸೆಕೆಂಡಿಗಿಂತ ಚಿಕ್ಕದಿರಬಾರದು. ಇಲ್ಲವಾದರೆ ಆರೇಳು ಗಂಟೆಯ ವಿಡಿಯೋದಲ್ಲಿ ಮಗು ತನ್ನ ಅಭಿಮನ್ಯುವನ್ನು ಎಲ್ಲಿ ಹುಡುಕಬೇಕು?

ಆಟ ಆಡುವ ಮೇಳದ ಒಪ್ಪಿಗೆ ಇಲ್ಲದೆ ಏನನ್ನೂ ಹಾಕುವುದಿಲ್ಲ. ಚೌಕಿಯಲ್ಲಿ ಅರ್ಧ ವೇಷದ ಕಲಾವಿದರನ್ನು ತೆಗೆಯುವುದಿಲ್ಲ. ಹಿರಿಯರೊಬ್ಬರು ಕಾಲು ಜಾರಿದ್ದನ್ನು ಹಾಕಿದರೆ ಲಕ್ಷ ನೋಟ ಬರುತ್ತದೆ, ಅದು ನಮಗೆ ಬೇಡ. ದೈವದ ಕೋಲದ ತುಣುಕಂತೂ ನಮ್ಮ ವಿಷಯವೇ ಅಲ್ಲ. ಆಟ ಬೇರೆ, ಆರಾಧನೆ ಬೇರೆ. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಚೌಕಿಯಲ್ಲಿ ತೆಗೆಯಬಹುದಾದದ್ದೂ ಒಂದಿದೆ. ರಾಕ್ಷಸರಂಥ ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದೇ ಚುಟ್ಟಿ (ಮುಳ್ಳಿನಂಥ ಬಿಳಿ ಚುಕ್ಕಿ) ಇಡುವ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಕಲಾವಿದರನ್ನು ಕೇಳಿ, ಅವರ ಬೆಳಕಿಗೆ ಅಡ್ಡ ಬಾರದ ಕಡೆ ಸ್ಟ್ಯಾಂಡ್ ಇಟ್ಟು 5 ಸೆಕೆಂಡಿಗೆ ಒಂದು ಚಿತ್ರದ ಹಾಗೆ ಟೈಮ್‌ಲ್ಯಾಪ್ಸ್ ಹಾಕಿ. ಎರಡು ಗಂಟೆಗೆ 1,440 ಚಿತ್ರ, ಸೆಕೆಂಡಿಗೆ 30ರಂತೆ ಓಡಿಸಿದರೆ 48 ಸೆಕೆಂಡು. ಪವರ್‌ಬ್ಯಾಂಕ್ ಚುಚ್ಚಿಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನಡುವೆ ಕರೆ ಬಂದರೆ ಕೆಲವು ಫೋನುಗಳಲ್ಲಿ ಅಷ್ಟೂ ಹೋಗುತ್ತದೆ.

ದೀಪಾವಳಿಯ ನಂತರ ಮೇಳಗಳು ಹೊರಟ ಮೇಲೆ ತಿರುಗಾಟ ಮುಗಿಯುವ ಪತ್ತನಾಜೆಯೊಳಗೆ ಪ್ರತಿಯೊಬ್ಬರೂ ನಾಲ್ಕು ಆಟವನ್ನಾದರೂ ಎದುರು ಕೂತು ನೋಡಬೇಕು. ಮೊದಲ ಎರಡು ಕಾಲಮಿತಿಯವು ಸಾಕು, ಆಮೇಲೆ ಇಡೀ ರಾತ್ರಿ. ಕಥೆಗೆ ಮೊದಲಿನ ಪೂರ್ವರಂಗ ತಪ್ಪಿಸಬಾರದು. ಅದರಲ್ಲಿ ಕುಣಿಯುವ ಬಾಲಗೋಪಾಲರ ಹೆಜ್ಜೆ ನೋಡಿದ ಮಗುವಿಗೆ ತಾನು ತರಗತಿಯಲ್ಲಿ ಕಲಿಯುವುದು ಏನೆಂದು ಥಟ್ಟನೆ ತಿಳಿಯುತ್ತದೆ.

ದುಬೈ, ಬೆಂಗಳೂರುಗಳಿಂದ ಝೂಮ್‌ನಲ್ಲಿ ಕಲಿಯುವವರಿಗೆ ಒಂದು ಮಾತು. ಝೂಮ್‌ಗೆ ಚೆಂಡೆಯೂ ಜಾಗಟೆಯೂ ಗಲಾಟೆಯೇ, ಅಳಿಸಿ ಹಾಕುತ್ತದೆ. ಆಡಿಯೋ ಸೆಟ್ಟಿಂಗಿನಲ್ಲಿ ಮೂಲ ಧ್ವನಿಯ ಆಯ್ಕೆ ಹಾಕಿಕೊಳ್ಳಬೇಕು. ಆಗಲೂ ಎರಡೂ ಕಡೆ ಒಟ್ಟಿಗೆ ತಾಳ ಹಾಕಲು ಆಗುವುದಿಲ್ಲ, ದನಿ ಹೋಗಿ ಬರುವಷ್ಟರಲ್ಲಿ ಪೆಟ್ಟು ದಾಟಿರುತ್ತದೆ. ಗುರುಗಳು ಬಾಯಲ್ಲಿ ಹೇಳುವ ಬಾಯಿತಾಳ ಕೇಳಿಸಿಕೊಂಡು, ಮೈಕ್ ಮುಚ್ಚಿ ಕುಣಿದು, ಹಿಂಬದಿ ಕ್ಯಾಮೆರಾದಲ್ಲಿ ತೆಗೆದು ಕಳಿಸಿ.